ಹಾರ್ಡನರ್ ಸಾಹೇಬರಿಗೆ, ದೋಣಿ ಸೀಟಿನ ವಿಚಾರವಾಗಿ

ಮಾನ್ಯರೇ,

ಕುಣಿಗಲ್ ಕೆರೆ ಏರಿಯ ಕೆಳಗಿನ ನಮ್ಮ ಮನೆಯ ಹಿತ್ತಲಿನ ಗೋಡೆಗೂಡಿನಲ್ಲಿ, ಸೀಗೆಪುಡಿ ಡಬ್ಬಕ್ಕೂ ಹರಳೆಣ್ಣೆ ಸೀಸೆಗೂ ನಡುವೆ ಘನತೆಯಿಂದ ಬಿಜಯಂಗೈದಿರುವ ಹಾರ್ಡನರ್ ಬಾಟಲಿ ಸಾಹೇಬರ ಪಾದಗಳಿಗೆ, ಪಾದ ಇಲ್ಲದಿದ್ದರೆ ತಳಕ್ಕೆ, ಬೆಟ್ಟಸ್ವಾಮಿಯವರ ಹೆಂಡತಿ ದೊಡ್ಡಗಂಗಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದದ್ದು ಮರ್ಯಾದೆಗೆ. ಮಂಡಿ ತಡೆಯುವುದಿಲ್ಲವಾದ್ದರಿಂದ ನಿಂತುಕೊಂಡೇ ಮಾಡಿದ್ದೇನೆ, ತಾವು ಹೊಂದಿಸಿಕೊಳ್ಳಬೇಕು. ತಾವು ಕ್ಷೇಮವಾಗಿರುವುದು ಕಣ್ಣಿಗೇ ಕಾಣುತ್ತಿದೆ, ಮುಚ್ಚಳ ಬಿಗಿಯಾಗಿದೆ. ನಮ್ಮ ಕ್ಷೇಮದ ಸಂಗತಿ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಬಾಟಲಿಗೆ ಯಾರಾದರೂ ಕಾಗದ ಬರೆಯುತ್ತಾರಾ ಎಂದು ನಗುವವರು ನಗಲಿ. ಹೆಬ್ಬೂರಿನ ಶಾಲೆಯಲ್ಲಿ ನಾನು ಕೂತು ಕಲಿತದ್ದು ಅಷ್ಟಕ್ಕಷ್ಟೆ. ಒತ್ತಕ್ಷರ ಕಲಿಯುವ ಹೊತ್ತಿಗೆ ನಮ್ಮವ್ವನಿಗೆ ಇನ್ನೊಂದು ಕೂಸಾಯಿತು, ನಾನು ಬಳಪ ಬಿಟ್ಟು ತೊಟ್ಟಿಲ ಹಗ್ಗ ಹಿಡಿದೆ. ಆದರೂ ನಮ್ಮ ಮೇಷ್ಟ್ರು ಅರ್ಜಿ ಬರೆಯುವ ವಿದ್ಯೆಯೊಂದನ್ನು ಸರಿಯಾಗಿ ಹೇಳಿಕೊಟ್ಟಿದ್ದರು: ಯಾರಿಂದ ಕೆಲಸ ಆಗಬೇಕೋ ಅವರನ್ನು ಮೊದಲು ಹೊಗಳು, ಆಮೇಲೆ ಕಷ್ಟ ಹೇಳು, ಕೊನೆಗೆ ಕೈ ಮುಗಿ. ಆ ಪ್ರಕಾರವೇ ಹೊರಟಿದ್ದೇನೆ. ಮಧ್ಯೆ ಎಲ್ಲಾದರೂ ಬೈಗುಳ ನುಸುಳಿದರೆ ಅದು ಮೇಷ್ಟ್ರ ತಪ್ಪಲ್ಲ, ನನ್ನ ನಾಲಿಗೆಯದು.

ಮೊದಲು ಹೊಗಳಿಕೆ. ತಮ್ಮಂಥ ಹಟವಾದಿಯನ್ನು ನಾನು ನನ್ನ ಅತ್ತೆಯನ್ನು ಬಿಟ್ಟರೆ ಇನ್ನೊಬ್ಬರನ್ನು ನೋಡಿಲ್ಲ. ಒಂದು ಚಮಚದಷ್ಟು ಇದ್ದುಕೊಂಡು ಒಂದು ಬಕೆಟ್ ರೆಸಿನ್ ಅಂಟನ್ನು ಕಲ್ಲು ಮಾಡಿ ಕೂರಿಸುತ್ತೀರಿ. ಒಮ್ಮೆ ಗಟ್ಟಿಯಾಗಬೇಕು ಎಂದು ತೀರ್ಮಾನಿಸಿದ ಮೇಲೆ ಬಿಸಿನೀರು ಹುಯ್ದರೂ, ಸೀಮೆಎಣ್ಣೆ ಹುಯ್ದರೂ, ಕಣ್ಣೀರು ಹುಯ್ದರೂ ಮನಸ್ಸು ಬದಲಾಯಿಸುವುದಿಲ್ಲ. ಓಟು ಕೇಳಲು ಬಂದವರು ನಮ್ಮ ಬೀದಿಯ ಚರಂಡಿಗೆ ಕೊಟ್ಟ ಮಾತಿಗೆ ತಮ್ಮಲ್ಲಿನ ಒಂದು ಹನಿ ಬಿದ್ದಿದ್ದರೂ ಇಷ್ಟು ಹೊತ್ತಿಗೆ ಅದು ಗಟ್ಟಿಯಾಗಿ ನಿಂತಿರುತ್ತಿತ್ತು.

ಇನ್ನು ಕಷ್ಟ. ನಮ್ಮ ಯಜಮಾನರು ಬೆಟ್ಟಸ್ವಾಮಿಯವರು ಈ ಕೆರೆಯಲ್ಲಿ ಮೀನು ಹಿಡಿದು ಮಕ್ಕಳನ್ನು ಸಾಕಿದವರು. ಮೊದಲು ಹರಿಗೋಲು, ಆಮೇಲೆ ಮರದ ದೋಣಿ, ಈಗ ನಮ್ಮ ಮಗ ಚನ್ನೇಶ ತಂದಿರುವ ಫೈಬರ್ ದೋಣಿ. ಹೋದ ವರ್ಷ ಅವರಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ಬಾಯಿಗೆ ಏನೂ ಆಗಲಿಲ್ಲ, ಅದೊಂದನ್ನು ದೇವರು ಯಾಕೆ ಬಿಟ್ಟನೋ ಎಂದು ಆಗ ಅಂದುಕೊಂಡಿದ್ದೆ. ಸ್ವಲ್ಪ ಓಡಾಡುವ ಹಾಗಾದ ಮೇಲೆ ಚನ್ನೇಶ ಆಸೆಪಟ್ಟು ಅವರನ್ನು ದೋಣಿಯಲ್ಲಿ ಕೂರಿಸಿದ. ದೋಣಿಯ ಹಲಗೆ ಬೋಳು ಹಲಗೆ, ಬೆನ್ನಿಗೆ ಆಸರೆಯಿಲ್ಲ, ಪಕ್ಕಕ್ಕೆ ತಡೆಯಿಲ್ಲ. ದಡ ಬಿಡುವ ಮೊದಲೇ ಅವರು ಎಡಕ್ಕೆ ವಾಲಿ, ಬಿಗಿ ಸಡಿಲಿದ ಮೂಟೆಯ ಹಾಗೆ ಮೊಣಕಾಲುದ್ದದ ನೀರಿಗೆ ಜಾರಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅಯ್ಯೋ ಎಂದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅಯ್ಯೋ ಎಂದದ್ದೇ ಅವರಿಗೆ ತಡೆಯಲಾಗಲಿಲ್ಲ.

ಅವತ್ತಿನಿಂದ ಜಗುಲಿಯ ಮೇಲೆ, ತೆಂಗಿನ ನಾರು ತುಂಬಿದ ಹಳೇ ಗೋಣಿಚೀಲದ ಮೇಲೆ, ಕೆರೆಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂರುವುದೇ ಅವರ ಉದ್ಯೋಗವಾಯಿತು. ಮೀನಿನ ಸಾರು ಮಾಡಿದರೆ ಯಾವ ಮೀನು ಎಂದು ಕೇಳುವುದಿಲ್ಲ. ಕೆರೆ ಕೋಡಿ ಬಿದ್ದಿದೆ, ಊರೆಲ್ಲ ನೋಡಲು ಹೋಗಿದೆ ಎಂದರೆ, "ಬೀಳ್ಲಿ ಬುಡು" ಎಂದರು. ಸಾಹೇಬರೇ, ಜಗಳಗಂಟ ಗಂಡನನ್ನು ಸಹಿಸಬಹುದು, ನಾನು ಸಹಿಸಿದ್ದೇನೆ. ಎಲ್ಲದಕ್ಕೂ ಬುಡು ಎನ್ನುವ ಗಂಡನ ಜೊತೆ ಸಂಸಾರ ಮಾಡುವುದು ಗೋಡೆಯ ಜೊತೆ ಮಾಡಿದ ಹಾಗೆ, ಅದರಲ್ಲೂ ಅವರು ನೋಡುತ್ತಿದ್ದದ್ದೂ ಗೋಡೆಯನ್ನೇ. ಹೇಗಾದರೂ ಮಾಡಿ ಅವರನ್ನು ಮತ್ತೆ ನೀರಿನ ಮೇಲೆ ಕೂರಿಸಬೇಕು ಎಂಬ ಹುಚ್ಚು ನನ್ನ ತಲೆಗೆ ಹೊಕ್ಕಿತು.

ಇಷ್ಟರಲ್ಲಿ ಚನ್ನೇಶನ ದೋಣಿ ಬಂಡೆಗೆ ತಾಗಿ ಬಿರುಕು ಬಿಟ್ಟಿತು. ರಿಪೇರಿಗೆ ತುಮಕೂರಿನ ಏಜಾಜ್ ಅಹಮದ್ ಅವರ ಶೆಡ್ಡಿಗೆ ಒಯ್ದಾಗ ನಾನೂ ಟೆಂಪೋ ಹತ್ತಿದೆ. ಅವರು ನೀರಿನ ತೊಟ್ಟಿಯ ಮುಚ್ಚಳ, ಲಾರಿಯ ಮಡ್‌ಗಾರ್ಡು, ಮಕ್ಕಳ ಜಾರುಬಂಡೆ ಎಲ್ಲವನ್ನೂ ಫೈಬರಿನಲ್ಲಿ ಮಾಡುವವರು. ನನ್ನ ಕಣ್ಣಿಗೆ ಕಂಡದ್ದು ಇಷ್ಟು: ಅಚ್ಚಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸುತ್ತಾರೆ, ರೆಸಿನ್ ಎಂಬ ಜೇನುತುಪ್ಪದಂಥದ್ದನ್ನು ಬಳಿಯುತ್ತಾರೆ, ಮತ್ತೆ ಬಟ್ಟೆ, ಮತ್ತೆ ಬಳಿತ. ಒಣಗಿದರೆ ಕಬ್ಬಿಣ. ಇದೇನು ಮಹಾ ಎಂದುಕೊಂಡೆ. ಮೆತ್ತುವುದು, ಬಳಿಯುವುದು, ಸಾರಿಸುವುದು, ಒಣಗುವ ತನಕ ಕೋಳಿ ಕಾಲಿಡದ ಹಾಗೆ ಕಾಯುವುದು, ಈ ಕೆಲಸದಲ್ಲಿ ನನಗೆ ಪಾಠ ಹೇಳುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಷ್ಟು ಜೋರಾಗಿ ತಟ್ಟಿಕೊಳ್ಳಬಾರದಿತ್ತು.

ಏಜಾಜ್ ಸಾಹೇಬರು ನನ್ನ ಮಾತು ಕೇಳಿ, "ಸೀಟೇನು, ನಾನೇ ಮಾಡ್ಕೊಡ್ತೀನಿ ಅಮ್ಮಾ, ಅವರನ್ನ ಕರ್ಕೊಂಡ್ ಬನ್ನಿ, ಇಲ್ಲಾ ಅಳತೆ ತಗೊಂಡ್ ಬನ್ನಿ" ಎಂದರು. ನಾನು ಮನೆಗೆ ಬಂದು ಮಲ್ಲಿಗೆ ಹೂವಿನ ದಾರ ಹಿಡಿದು, ಏನೂ ಅರಿಯದವಳ ಹಾಗೆ ಯಜಮಾನರ ಬೆನ್ನ ಹಿಂದೆ ಹೋಗಿ ನಿಂತೆ. ಅವರು ತಿರುಗದೆಯೇ, "ಅಳತೆ ತಗೊಳಕ್ಕೆ ನಾನೇನ್ ಹೆಣ ಆಗೋಗಿದೀನೇನೇ? ಗುಂಡಿ ತೋಡೋರು ಬಂದ್ರೆ ಅವ್ರೇ ತಗೋತಾರೆ, ನೀ ಹೋಗು" ಎಂದರು. ನಾನು ಹೋದೆ. ಹೋದವಳು ಚನ್ನೇಶನನ್ನು ಅಟ್ಟಿ ತುಮಕೂರಿನಿಂದ ರೆಸಿನ್, ಗಾಜಿನ ಬಟ್ಟೆ, ಮತ್ತು ತಮ್ಮನ್ನು ಮನೆಗೆ ತರಿಸಿದೆ. ತಾವು ನಮ್ಮ ಹೊಸಿಲು ದಾಟಿದ್ದು ಹಾಗೆ. ಆರತಿ ಎತ್ತಬೇಕಿತ್ತು, ಎತ್ತದೇ ಇದ್ದದ್ದೇ ಒಳ್ಳೆಯದಾಯಿತು, ದೀಪ ತೋರಿಸಿದ್ದರೆ ಏನಾಗುತ್ತಿತ್ತೋ.

"ಅವ್ವಾ, ಇದನ್ನ ಹಾಕುದ್ರೇನೇ ಅದು ಗಟ್ಟಿ ಆಗೋದು. ಚೂರೇ ಹಾಕ್ಬೇಕಂತೆ, ಜಾಸ್ತಿ ಬಿದ್ರೆ ತಲೆ ಕೆಡ್ತದಂತೆ ಇದ್ಕೆ" ಎಂದು ಚನ್ನೇಶ ಹೇಳಿ ಬಲೆ ಎತ್ತಲು ಹೋದ. ಚೂರು ಹಾಕಿದರೆ ಇಡೀ ಪಾತ್ರೆ ಗಟ್ಟಿಯಾಗುವ ವಸ್ತು ನನಗೆ ಹೊಸದೇ? ದಿನಾ ಸಾಯಂಕಾಲ ನಾನು ಹಾಲಿಗೆ ಹಾಕುವುದು ಅದನ್ನೇ ಅಲ್ಲವೇ? ತಾವು ಹೆಪ್ಪು, ರೆಸಿನ್ ಹಾಲು, ವಿಷಯ ಮುಗಿಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ. ಮಾಘದ ಚಳಿ ಬೇರೆ. ಚಳಿಗಾಲದಲ್ಲಿ ಹೆಪ್ಪು ಒಂದು ಪಾಲು ಜಾಸ್ತಿ ಹಾಕಿ, ಪಾತ್ರೆಯನ್ನು ಒಲೆಯ ಪಕ್ಕ ಬೆಚ್ಚಗಿಟ್ಟು, ಮೇಲೆ ದಪ್ಪನೆಯದೇನಾದರೂ ಹೊದಿಸದಿದ್ದರೆ ಮೊಸರು ನೀರುನೀರಾಗುತ್ತದೆ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೂ ನಾನು ಕಣ್ಣುಮುಚ್ಚಿ ಮಾಡಲಿಲ್ಲ, ತಮ್ಮ ಮೈಮೇಲಿನ ಚೀಟಿ ನೋಡಿದೆ. ಇಂಗ್ಲಿಷು ಬಾರದು, ಚಿತ್ರ ಬರುತ್ತದೆ. ಗುಂಡನೆಯ ಪಾತ್ರೆಯಂಥದ್ದು, ಅದಕ್ಕೆ ಉರಿ. ಪಾಪ, ಓದು ಬಾರದವರಿಗೂ ತಿಳಿಯಲಿ ಎಂದು ಬೆಚ್ಚಗಿಡಿ ಅಂತ ಚಿತ್ರ ಬರೆಸಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ತಮ್ಮ ಕಂಪನಿಯವರನ್ನು ಮನಸ್ಸಿನಲ್ಲೇ ಹರಸಿದೆ.

ಹರಸಿ, ಪ್ಲಾಸ್ಟಿಕ್ ಬಕೆಟ್ಟಿಗೆ ರೆಸಿನ್ ಸುರಿದು, ತಮ್ಮನ್ನು ಧಾರಾಳವಾಗಿ ಬಗ್ಗಿಸಿ, ಮುದ್ದೆ ಕೋಲಿನಲ್ಲಿ ತಿರುವಿ, ಒಲೆಯ ಪಕ್ಕದ ಬಿಸಿ ಬೂದಿಯ ಹತ್ತಿರ ಇಟ್ಟು, ನನ್ನ ಮದುವೆಯ ಕಂಬಳಿಯನ್ನು ಹೊದಿಸಿದೆ. ಕೂಸು ಮಲಗಿಸಿದ ಹಾಗೆ ಎರಡು ಸಲ ತಟ್ಟಿದ್ದೂ ಉಂಟು. ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತೆ.

ತಾವು ಏನು ಮಾಡಿದಿರಿ ಎಂದು ತಮಗೇ ನೆನಪಿಸಬೇಕಾಗಿಲ್ಲ. ಮೊದಲು ಕಂಬಳಿ ಉಸಿರಾಡಿತು. ಆಮೇಲೆ ಹೊಗೆ. ಬಿಳಿ ಹೊಗೆ, ಕಣ್ಣು ಮೂಗು ಗಂಟಲು ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಂಡು ಹೋಗುವ ನಾತ. ಕಂಬಳಿ ಎಳೆದೆ, ಅದರಲ್ಲಿ ತಟ್ಟೆಯಗಲದ ತೂತು. ಬಕೆಟ್ ಬೆಲ್ಲದ ಪಾಕದ ಹಾಗೆ ಕುಸಿಯುತ್ತಿತ್ತು, ಅದರೊಳಗಿನದು ಚಟಚಟನೆ ಸೀಳುತ್ತಿತ್ತು, ಮುದ್ದೆ ಕೋಲು ನಟ್ಟನಡುವೆ ನೆಟ್ಟ ಧ್ವಜಸ್ತಂಭವಾಗಿತ್ತು. ಪಕ್ಕದ ಮನೆಯ ಶಿವರುದ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದು, "ಗಂಗಮ್ಮೋ, ಏನ್ ಅಡುಗೇನೇ ಇದು, ಊರ್ನೇ ಸಾಯ್ಸೀಯಾ!" ಎಂದು ಕೂಗಿದಳು. ನಾನು ಮರ್ಯಾದೆ ಬಿಡದೆ, ದೋಣಿಯ ಸಾಮಾನು ಮಾಡುತ್ತಿದ್ದೇನೆ ಎಂದೆ. "ದೋಣಿ ಸಾಮಾನ? ನಿಂಗೇನ್ ಹಡಗು ಕಟ್ಟೋ ವಯಸ್ಸಾ ಕಣೇ!" ಎಂದಳು. ನಿಜ, ಆ ವಯಸ್ಸು ಯಾವುದು ಎಂದು ನನಗೂ ಗೊತ್ತಿಲ್ಲ.

ಆಗ ಜಗುಲಿಯ ಕಡೆಯಿಂದ ಒಂದು ಸದ್ದು. ಯಜಮಾನರು ಕಂಬ ಹಿಡಿದು, ಗೋಡೆ ಬಿಟ್ಟು, ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ಬಕೆಟ್ಟನ್ನು ನೋಡಿದರು, ಕಂಬಳಿಯನ್ನು ನೋಡಿದರು, ಬೂದಿ ಮೆತ್ತಿದ ನನ್ನ ಮುಖವನ್ನು ನೋಡಿದರು. "ಯಾವ್ ಹಸೂದೇ ಈ ಮೊಸ್ರು?" ಎಂದರು.

ಬುಡು ಎನ್ನದೆ, ಹೆಣ ಗುಂಡಿ ಎನ್ನದೆ ಬೇರೆ ಮಾತು ಬಂದದ್ದು ಅವತ್ತೇ. ಇದರ ಶ್ರೇಯಸ್ಸು ತಮಗೇ ಸಲ್ಲಬೇಕು ಎಂದು ಈ ಮೂಲಕ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಮಾತು ಆಡಿಸಲು ಒಂದು ಕಂಬಳಿ, ಒಂದು ಬಕೆಟ್, ಒಂದು ಮುದ್ದೆ ಕೋಲು ಕೇಳುವುದು ಜಾಸ್ತಿಯಾಯಿತು ಸ್ವಾಮೀ. ಅವರು ಮತ್ತೆ ಹೋಗಿ ಗೋಡೆಯನ್ನೇ ನೋಡಿದರು ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಇನ್ನೊಬ್ಬಳಾಗಿದ್ದರೆ ಅಷ್ಟಕ್ಕೆ ಬಿಡುತ್ತಿದ್ದಳು. ನನಗೆ ಬಿಡುವ ಬುದ್ಧಿ ಇದ್ದಿದ್ದರೆ ಸಂಸಾರವನ್ನೇ ಎಂದೋ ಬಿಡುತ್ತಿದ್ದೆ. ಏಜಾಜ್ ಸಾಹೇಬರಿಗೆ ಫೋನು ಹಚ್ಚಿಸಿ ನಡೆದದ್ದು ಹೇಳಿದರೆ, ಅವರಿಗೆ ಕೆಮ್ಮು ಹತ್ತಿತು. ನಗು ತಡೆಯುತ್ತಿದ್ದರು ಎಂದು ಚನ್ನೇಶ ಹೇಳಿದ. ಕೊನೆಗೆ, "ಅಮ್ಮಾ, ನೀವು ಮೊಸರಿಗೆ ಏನೇನ್ ಮಾಡ್ತೀರೋ ಅದರಲ್ಲಿ ಒಂದೂ ಮಾಡ್ಬೇಡಿ" ಎಂದರು. ನೆರಳಲ್ಲಿಡು, ಚೂರು ಹಾಕು, ಒಂದು ಸಲಕ್ಕೆ ಬೇಕಾದಷ್ಟೇ ಕಲಸು, ಹೊದಿಸಬೇಡ, ಚೀಟಿಯ ಉರಿಯ ಚಿತ್ರ ಬೆಂಕಿಯಿಂದ ದೂರವಿಡಿ ಎಂಬ ಎಚ್ಚರಿಕೆ. ಇದನ್ನೇ ಚೀಟಿಯ ಮೇಲೆ ಎಮ್ಮೆಯ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು.

ಅಳತೆಯ ಸಮಸ್ಯೆ ಹಾಗೇ ಇತ್ತು. ಆಗ ಕಣ್ಣಿಗೆ ಬಿದ್ದದ್ದು ಅವರು ಕೂರುವ ನಾರಿನ ಚೀಲ. ಇಷ್ಟು ತಿಂಗಳು ಒಂದೇ ಜಾಗದಲ್ಲಿ, ಒಂದೇ ಸಿಟ್ಟಿನಲ್ಲಿ ಕೂತು ಕೂತು ಅದರಲ್ಲಿ ಅವರ ಮೈಯ ಗುರುತು ಗುಂಡಿಯಾಗಿ ನಿಂತಿತ್ತು: ಎಡಗಡೆ ಆಳ, ಬಲಗಡೆ ಎತ್ತರ, ಗೋಡೆಗೆ ಒರಗುವ ಕಡೆ ಕುತ್ತಿಗೆಯ ತನಕ ಬೆನ್ನಿನ ಬಾಗು. ದರ್ಜಿಯೂ ತೆಗೆಯಲಾರದ ಅಳತೆ. ಚನ್ನೇಶ ಅಪ್ಪನನ್ನು ಕ್ಷೌರಕ್ಕೆ ಕರೆದುಕೊಂಡು ಹೋದ ಬೆಳಿಗ್ಗೆ, ಅವರ ಸಿಂಹಾಸನವನ್ನು ಹಿತ್ತಲಿಗೆ ಎಳೆದು, ಅಂಟಬಾರದೆಂದು ಇಡ್ಲಿ ತಟ್ಟೆಗೆ ಸವರುವ ಹಾಗೆ ಹರಳೆಣ್ಣೆ ಸವರಿ, ಗಾಜಿನ ಬಟ್ಟೆ ಹಾಸಿ, ಉಳಿದಿದ್ದ ರೆಸಿನ್ನಿಗೆ ತಮ್ಮನ್ನು ಚೂರೇ ಬೆರೆಸಿ ಬಳಿದೆ. ಈ ಸಲ ತಾವು ಬಹಳ ಗೌರವದಿಂದ ನಡೆದುಕೊಂಡಿರಿ, ಹೊಗೆಯಿಲ್ಲ, ಸಿಡಿತವಿಲ್ಲ. ಮಧ್ಯಾಹ್ನಕ್ಕೆ ಬೆರಳಲ್ಲಿ ಕುಟ್ಟಿದರೆ ಟಣ್ ಎಂದಿತು. ನಾನು ಕುಣಿಯುವುದೊಂದು ಬಾಕಿ.

ಬಿಡಿಸಲು ಹೋದರೆ ಚೀಲವೂ ಜೊತೆಗೇ ಬಂತು. ಇಡ್ಲಿ ತಟ್ಟೆಗೆ ಸವರಿದ ಎಣ್ಣೆ ಇಡ್ಲಿಯ ಜೊತೆ ಒಪ್ಪಂದ ಮಾಡಿಕೊಂಡಿದೆ, ತಮ್ಮ ಜೊತೆ ಅಲ್ಲ ಎಂಬುದು ಆಗ ತಿಳಿಯಿತು. ಕುಡುಗೋಲಿನಲ್ಲಿ ಕೊಯ್ದು, ಹರಿದು, ಎಳೆದು, ಕೊನೆಗೆ ಸೀಟಿನ ಅಡಿಯಲ್ಲಿ ಯಾವುದೋ ಬಾಬಾನ ಗಡ್ಡದಷ್ಟು ತೆಂಗಿನ ನಾರು ಶಾಶ್ವತವಾಗಿ ಉಳಿಯಿತು. ಮೇಲುಭಾಗ ಮುಳ್ಳುಹಂದಿ. ಅದನ್ನು ಎಮರಿ ಹಾಳೆಯಲ್ಲಿ ಉಜ್ಜಿ ಉಜ್ಜಿ ನಯ ಮಾಡುವಾಗ ಗಾಜಿನ ಪುಡಿ ಕೊರಳಿಗೆ, ಕಂಕುಳಿಗೆ, ಹೇಳಬಾರದ ಜಾಗಗಳಿಗೆಲ್ಲ ಇಳಿಯಿತು. ನಸುಗುನ್ನಿ ಕಾಯಿಯ ತುರಿಕೆ ನಾನು ಚಿಕ್ಕವಳಿದ್ದಾಗಲೇ ಕಂಡಿದ್ದೇನೆ. ತಮ್ಮ ಬಳಗದ ಈ ಗಾಜಿನ ಬಟ್ಟೆಯವರ ಮುಂದೆ ಅದು ಚಂದನದ ಲೇಪ. ಮಣೆ ಮೇಲೆ ಕೂತು ಮೈ ಕೆರೆದುಕೊಳ್ಳುತ್ತಾ ಉಜ್ಜುವ ನನ್ನನ್ನು ನೋಡಿ ಶಿವರುದ್ರಮ್ಮ, "ಕೋತಿ ಆಡ್ಸೋರು ಬಂದ್ರೆ ನಿನ್ನೂ ಕರ್ಕೊಂಡ್ ಹೋಗ್ತಾರೆ ಕಣೇ" ಎಂದಳು. ನಾನು ಒಂದು ಕೈಯಲ್ಲಿ ಕೆರೆದುಕೊಳ್ಳುತ್ತಾ ಇನ್ನೊಂದರಲ್ಲಿ ಉಜ್ಜಿದೆ.

ಅವತ್ತು ಕ್ಷೌರ ಮುಗಿಸಿ ಬಂದ ಯಜಮಾನರು, "ನನ್ ಚೀಲ ಎಲ್ಲೇ?" ಎಂದು ಕೇಳಿದ್ದರು. ಸುಳ್ಳು ಹೇಳಲು ಬರಲಿಲ್ಲ, ಹಿತ್ತಲ ಕಡೆ ಕೈ ತೋರಿಸಿದೆ. ಸೀಟಿನಡಿಯ ಆ ನಾರಿನ ಗಡ್ಡ ನೋಡಿ ಅವರಿಗೆ ಅರ್ಥವಾಗಿಹೋಯಿತು. ಯಾರಿಗಾಗಿ, ಎಲ್ಲಿಗಾಗಿ ಎಂದು ನಾನು ಬಾಯಿ ಬಿಡಬೇಕಾಗಲಿಲ್ಲ. ಹೋಗಿ ಮಂಚದ ಮೇಲೆ ಮಲಗಿದವರು, ನಾನು ಉಜ್ಜಿ ಮುಗಿಸುವ ತನಕ ಎದ್ದದ್ದು ಊಟಕ್ಕೆ ಮಾತ್ರ. ಸಾಹೇಬರೇ, ಆ ದಿನಗಳಲ್ಲಿ ನಾನು ಹೆದರಿದ್ದೆ. ಗೋಡೆಯನ್ನಾದರೂ ನೋಡುತ್ತಿದ್ದ ಮನುಷ್ಯನನ್ನು ಸೂರು ನೋಡುವ ಹಾಗೆ ಮಾಡಿದೆನಲ್ಲ, ಇದ್ದ ಚೀಲವನ್ನೂ ಕಿತ್ತುಕೊಂಡೆನಲ್ಲ ಎಂದು ಉಜ್ಜುತ್ತಾ ಉಜ್ಜುತ್ತಾ ಅಂದುಕೊಂಡದ್ದನ್ನು ತಾವು ಗೂಡಿನಿಂದ ನೋಡಿರಬೇಕು. ನೋಡಿದ್ದನ್ನು ಯಾರಿಗೂ ಹೇಳತಕ್ಕದ್ದಲ್ಲ.

ಹಳೇ ಸೀರೆಯ ಕೌದಿ ಹೊಲಿದು ಸೀಟಿಗೆ ಹಾಸಿ, ಜಗುಲಿಯ ಮೇಲಿಟ್ಟು, ನಾನು ಅಕ್ಕಿ ಆರಿಸುವ ನೆಪದಲ್ಲಿ ಒಳಗೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವರು ಎದ್ದು ಬಂದರು. ಕೂರಲು ಬೇರೆ ಜಾಗವಿರಲಿಲ್ಲ, ಅದಕ್ಕೇ ಕೂತರು ಎಂದು ಈಗಲೂ ವಾದಿಸುತ್ತಾರೆ. ಕೂತವರು ಬಲಕ್ಕೆ ಒಮ್ಮೆ ಮೈ ಅಲ್ಲಾಡಿಸಿದರು. ಎಡಕ್ಕೆ ಬೇಕೆಂದೇ ಪೂರ್ತಿ ವಾಲಿದರು. ಸೀಟು ಹಿಡಿದುಕೊಂಡಿತು. ಮತ್ತೆ ವಾಲಿದರು, ಮತ್ತೆ ಹಿಡಿದುಕೊಂಡಿತು. ಮಕ್ಕಳು ಉಯ್ಯಾಲೆ ಪರೀಕ್ಷೆ ಮಾಡುವ ಹಾಗೆ ಇದೇ ಆಟ ನಡೆಯಿತು. ಆಮೇಲೆ ಒಳಗೆ ಕೇಳುವಷ್ಟು ಗಟ್ಟಿಯಾಗಿ, "ಲೇ, ಇದನ್ನ ಹಲಗೇಗೆ ಹೆಂಗೇ ಕೂರಿಸ್ತೀಯಾ? ಬೋಲ್ಟ್‌ಗೆ ತೂತೇ ಇಲ್ವಲ್ಲೇ!" ಎಂದರು. ಅಕ್ಕಿಯ ಕಲ್ಲು ಯಾವುದು, ಅಕ್ಕಿ ಯಾವುದು ಎಂದು ನನಗೆ ಆಮೇಲೆ ಕಾಣಿಸಲಿಲ್ಲ.

ನಿನ್ನೆ ಬೆಳಿಗ್ಗೆ ಚನ್ನೇಶ ಸೀಟಿಗೆ ತೂತು ಕೊರೆದು, ರಿಪೇರಿಯಾಗಿ ಬಂದಿದ್ದ ದೋಣಿಯ ಹಲಗೆಗೆ ಬೋಲ್ಟು ಬಿಗಿದು, ಅಪ್ಪನನ್ನು ಎತ್ತಿ ಕೂರಿಸಿದ. ಬಟ್ಟೆ ಒಗೆಯುವ ಹೆಂಗಸರು ಇದ್ದರು, ಈ ಸಲ ಯಾರೂ ಅಯ್ಯೋ ಎನ್ನಲಿಲ್ಲ. "ಹಿಂಗೇನ್ಲಾ ಹುಟ್ಟು ಹಿಡಿಯೋದು, ಸೌಟು ಹಿಡ್ದಂಗೆ!" ಎಂದು ಮಗನನ್ನು ಗದರಿಸಿದ್ದು ಏರಿಯ ಮೇಲಿನವರಿಗೂ ಕೇಳಿಸಿತು. ನಾನೂ ಬರುತ್ತೇನೋ ಎಂದು ಯಾರೂ ಕೇಳಲಿಲ್ಲ. ದೋಣಿ ನಡುಗೆರೆಗೆ ಹೋಗುವ ತನಕ ನಿಂತು ನೋಡಿದೆ. ಅವರು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ತಿರುಗಲು ಆ ಸೀಟು ಬಿಡುವುದಿಲ್ಲ, ಅಷ್ಟು ಚೆನ್ನಾಗಿ ಹಿಡಿದುಕೊಂಡಿದೆ. ಮಾಡಿದವಳು ನಾನೇ ಆದ್ದರಿಂದ ಯಾರನ್ನು ಬೈಯಲಿ ಎಂದು ಯೋಚಿಸಿ, ಕೊನೆಗೆ ತಮ್ಮನ್ನು ಆರಿಸಿಕೊಂಡೆ. ಈ ಕಾಗದದ ಕಾರಣ ಅಷ್ಟೇ.

ಆದ್ದರಿಂದ ತಾವು ದಯಮಾಡಿ ಸುಟ್ಟ ಕಂಬಳಿಯನ್ನು ನೇಯ್ದು ಕೊಡಬೇಕು, ನನ್ನ ಮಂಡಿಗೆ ಒಂದು ಹನಿ ಬಿಟ್ಟು ಅದನ್ನು ಗಟ್ಟಿ ಮಾಡಬೇಕು, ಶಿವರುದ್ರಮ್ಮನ ಬಾಯಿಗೆ ಎರಡು ಹನಿ ಬಿಡಬೇಕು, ಮತ್ತು ಗಟ್ಟಿಯಾದ ಸೀಟಿನ ಕುತ್ತಿಗೆಯ ಭಾಗವನ್ನು ಮಾತ್ರ, ದಡದ ಕಡೆ ಒಮ್ಮೆ ತಿರುಗುವಷ್ಟು, ಮೆತ್ತಗೆ ಮಾಡಿಕೊಡಬೇಕು ಎಂದು ಕೈಮುಗಿದು ಬೇಡುತ್ತೇನೆ. ಆಗುವುದಿಲ್ಲ ಎಂದರೆ ಅದನ್ನೂ ಚಿತ್ರ ಬರೆದೇ ತಿಳಿಸಿ; ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತೇನೆ.

ಇಂತು, ಬೆರಳ ಸಂದಿಯಲ್ಲಿ ತಮ್ಮನ್ನೂ ಬೆನ್ನ ಮೇಲೆ ತುರಿಕೆಯನ್ನೂ ಹೊತ್ತುಕೊಂಡಿರುವ
ತಮ್ಮ ವಿಶ್ವಾಸಿ,
ದೊಡ್ಡಗಂಗಮ್ಮ

ತಾ.ಕ.: ಕಾಗದ ಮಡಚುವ ಹೊತ್ತಿಗೆ ಚನ್ನೇಶ ಬಂದು ಒಂದು ವರ್ತಮಾನ ಹೇಳಿದ. ಅಪ್ಪನ ಭಾರವೆಲ್ಲ ಎಡಕ್ಕೇ ಬಿದ್ದು ದೋಣಿ ಒಂದು ಪಕ್ಕಕ್ಕೆ ವಾಲುತ್ತದಂತೆ, ಬಲಗಡೆಗೆ ಒಂದು ಮರಳುಮೂಟೆ ಇಡೋಣ ಎಂದನಂತೆ. ಅದಕ್ಕೆ ನಮ್ಮ ಯಜಮಾನರು, "ಮೂಟೆ ಯಾಕ್ಲಾ, ನಿಮ್ಮವ್ವ ಇದಾಳಲ್ಲ" ಎಂದರಂತೆ. ಮದುವೆಯಾದ ಇಷ್ಟು ವರ್ಷಕ್ಕೆ ನನ್ನ ತೂಕವನ್ನು ಒಪ್ಪಿಕೊಂಡಿದ್ದಾರೆ. ಆದ್ದರಿಂದ ತಾವು ಇನ್ನೊಂದು ಸೀಟಿಗೆ ಸಿದ್ಧರಾಗತಕ್ಕದ್ದು. ಕಂಪನಿಗೆ ವಾಪಸ್ ಹೋಗುವ ಯೋಚನೆಯಿದ್ದರೆ ಬಿಟ್ಟುಬಿಡಿ, ಮುಚ್ಚಳ ನನ್ನ ಕೈಯಲ್ಲಿದೆ. ಆ ಹೊಸ ಸೀಟನ್ನು ನಾನು ಬಲಗಡೆ, ಅವರ ಸೀಟಿಗೆ ಎದುರಾಗಿ ಕೂರಿಸಿಕೊಳ್ಳುತ್ತೇನೆ. ಆಗ ನೋಡೋಣ, ಕತ್ತು ತಿರುಗಿಸಲು ಬಾರದ ಮಹಾನುಭಾವರು ಎತ್ತ ನೋಡುತ್ತಾರೋ.